ಕೊನೆಯ ಬಳೆ ಮೊದಲು

ನವನಗರ, ಬಾಗಲಕೋಟೆ
28 ಜುಲೈ 2024

ಮಾದೇವಿ ಅಕ್ಕೋರಿಗೆ ಮುಬಶೀರಾಳ ಸಲಾಮು.

ಫೋನು ಮಾಡಿದರೆ ಮಾತು ಗಂಟಲಲ್ಲೇ ಸಿಕ್ಕಿಕೊಂಡು ನಿಮಗೆ ಸಿಟ್ಟು ಬರುತ್ತದೆ, ನನಗೆ ಅಳು ಬರುತ್ತದೆ. ಅದಕ್ಕೇ ಪತ್ರ. ಲಕ್ವಾ ಹೊಡೆದ ಮೇಲೆ ದಿನಾ ನಾಲ್ಕು ಸಾಲು ಬರೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ನೀವು ಒಂದು ಸಾಲೂ ಬರೆಯುತ್ತಿಲ್ಲವೆಂದು ನಿಮ್ಮ ಮಗಳು ಜಯಶ್ರೀಯೇ ನನ್ನ ಹತ್ತಿರ ಚಾಡಿ ಹೇಳಿದ್ದಾಳೆ. ಇನ್ನು ಮುಂದೆ ಆ ಸಾಲುಗಳನ್ನು ನನಗೇ ಬರೆಯಿರಿ. ತಪ್ಪಾದರೆ ಕೆಂಪು ಮಸಿಯಲ್ಲಿ ಗೆರೆ ಎಳೆದು ವಾಪಸು ಕಳಿಸುತ್ತೇನೆ. ಸಾಲಿಯಲ್ಲಿ ಹೊಲಿಗೆ ಪೀರಿಯಡ್ಡಿನಲ್ಲಿ ಹಾಕಿದ ಹೊಲಿಗೆಯನ್ನು ನನ್ನಿಂದ ಎಷ್ಟು ಸಲ ಬಿಚ್ಚಿಸಿದ್ದೀರಿ! ಆ ಸೇಡು ಮತ್ತೆ ಯಾವಾಗ ತೀರಿಸಿಕೊಳ್ಳಲಿ?

ಮೊಹರಮ್ಮಿಗೆ ಇಳಕಲ್ಲಿಗೆ ಬಂದಾಗ ನಿಮ್ಮ ಪಡಸಾಲೆಯಲ್ಲಿ ಕಂಡದ್ದು ಕಣ್ಣಿಂದ ಹೋಗುತ್ತಿಲ್ಲ. ತೊಡೆಯ ಮೇಲೆ ಹಸಿರು ಸೀರೆ, ಸೆರಗಿನಲ್ಲಿ ಅರ್ಧ ಎದ್ದ ಕಸೂತಿ ಗೋಪುರ, ಒಂದು ಕವಲಿನಲ್ಲಿ ನಿಂತುಹೋದ ಸೂಜಿ. ನನ್ನ ಮುಖ ನೋಡಿ ಒಂದೊಂದೇ ಮಾತು ಹೊರಗೆ ತಂದು ಕೇಳಿದಿರಿ: "ನಾ... ಎಲ್ಲಿಂದ ಬಂದೇನಿ... ಇಲ್ಲಿಗೆ?" ನಾನು ಚಹಾ ಕುಡಿದು ಎದ್ದು ಬಂದೆ.

ಗವಂತಿ ಹೊಲಿಗೆಯ ಕಾನೂನು ನೀವೇ ಕಲಿಸಿದ್ದು. ಗಂಟು ಹಾಕಬಾರದು. ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಬಿಡುತ್ತ ಗೆರೆಯ ತುದಿಯವರೆಗೆ ಹೋಗಬೇಕು. ಬರುವಾಗ ಅದೇ ದಾರಿ ಹಿಡಿದು, ಬಿಟ್ಟ ಸಂದುಗಳನ್ನು ತುಂಬುತ್ತ, ಹೊರಟ ಜಾಗಕ್ಕೇ ಬಂದು ಸೇರಬೇಕು. ನಡುವೆ ಕವಲು ಬಂದರೆ ಆ ಕವಲಿಗೂ ಹೋಗಿ ಬಂದೇ ಮುಂದಿನ ಮಾತು. ಮುಗಿದಾಗ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು.

ಇಲ್ಲಿ ಕಾಲೇಜಿನ ಲ್ಯಾಬಿನಲ್ಲಿ ನಾನು ಪೈಥಾನ್ ಕಲಿಸುತ್ತೇನೆ, ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಮೊನ್ನೆಯ ಪಾಠ ಸ್ಟ್ಯಾಕ್. ಖಡಕ್ ರೊಟ್ಟಿ ಒಂದರ ಮೇಲೊಂದು ಒಟ್ಟಿದ ಹಾಗೆ. ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ. ಇಡುವುದಕ್ಕೆ ಅಪೆಂಡ್ ಎಂದು ಬರೆಯುತ್ತೇವೆ, ತೆಗೆಯುವುದಕ್ಕೆ ಪಾಪ್. ದಾರಿ ಹುಡುಕುವಾಗ ಕಂಪ್ಯೂಟರು ಸಿಕ್ಕ ಕವಲನ್ನೆಲ್ಲ ಆ ರಾಶಿಯ ಮೇಲೆ ಇಡುತ್ತ ಹೋಗುತ್ತದೆ. ದಾರಿ ಮುಗಿದರೆ ಮೇಲಿನದನ್ನು ತೆಗೆದು ನೋಡಿ ಆ ಕವಲಿಗೆ ಮರಳುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಯಾ ಅಲ್ಲಾ! ಬರೆದು ಮುಗಿಸಿ ನೋಡಿದರೆ ಅದು ನಿಮ್ಮ ಗೋಪುರ. ಹುಡುಗಿಯರು "ಮಿಸ್, ಏನಾತ್ರಿ?" ಎಂದರು. ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತಿದ್ದೆ.

ಅಕ್ಕೋರ, ನಿಮ್ಮ ಕೈ ಹೋಗಿಲ್ಲ, ಕಣ್ಣು ಹೋಗಿಲ್ಲ. ಹೋದದ್ದು ತಲೆಯೊಳಗಿನ ಆ ಕವಲುಗಳ ರಾಶಿ ಮಾತ್ರ. ಅದನ್ನು ಹೊರಗಿನಿಂದ ನಾನು ಮಾಡಿಕೊಡಬಹುದೇನೋ. ಗೋಪುರವನ್ನು ಚೌಕದ ಹಾಳೆಯ ಮೇಲೆ ಬರೆದು ಕಳಿಸಿ.

ನಿಮ್ಮ ಕೈಯ ಪೆಟ್ಟು ತಿಂದು ದೊಡ್ಡವಳಾದ,
ಮುಬಶೀರಾ


ಇಳಕಲ್
9 ಆಗಸ್ಟ್ 2024

ಮುಬಶೀರಾ,

ಪತ್ರ ಮುಟ್ಟಿತು. ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲು. ಕೆಂಪು ಮಸಿ ನೀನೇ ಇಟ್ಟುಕೋ.

ನನಗೆ ಪದ ಹುಡುಕಿ ಬರೆಯಬೇಕು. ಸೂಜಿ ಎಂದು ಬರೆಯಲು ಹೋದರೆ ಸುಣ್ಣ ಎಂದು ಬರುತ್ತದೆ. ಹೊಡೆದು ಹಾಕಿದ್ದೇನೆ. ನಗಬೇಡ.

ಜಯಶ್ರೀ ಬಸುರಿ, ಈಗ ಮೂರು ತಿಂಗಳು. ಏಳರಲ್ಲಿ ಗುಡೂರಿನಲ್ಲಿ ಅತ್ತೆಯ ಮನೆಯಲ್ಲಿ ಕುಬಸ. ತವರಿನ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂರುತ್ತಾಳೆ. ಮುತ್ತೈದೆಯರು ಬಳೆ ಇಡಿಸುತ್ತಾರೆ, ಆರತಿ ಮಾಡುತ್ತಾರೆ. ನಾನು ಗಂಡ ಸತ್ತವಳು. ಆ ಹೊತ್ತಿಗೆ ಒಳಮನೆಯ ಬಾಗಿಲ ಹಿಂದೆ ನಿಲ್ಲಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ನಿಲ್ಲುತ್ತೇನೆ. ಅವಳ ಮದುವೆಯಲ್ಲೂ ಹಾಗೇ ನಿಂತೆ.

ಮಣೆಯ ಹತ್ತಿರ ಹೋಗಲು ನನಗೆ ಆ ಸೀರೆ ಒಂದೇ ದಾರಿ. ನನ್ನ ಕೈ ಕೆಲಸ ಅವಳ ಮೈಮೇಲೆ ಇದ್ದರೆ ನಾನು ಇದ್ದ ಹಾಗೆ. ಅಂಗಡಿಯಿಂದ ಕೊಂಡು ತಂದ ಸೀರೆ ಯಾರು ಬೇಕಾದರೂ ಕೊಟ್ಟಾರು.

ಈಗ ಕೈ ಕವಲಿನವರೆಗೆ ಹೋಗುತ್ತದೆ. ಆಮೇಲೆ ಎಲ್ಲ ಹಸಿರು. ಎತ್ತ ಹೊರಳಬೇಕೋ ತಿಳಿಯುವುದಿಲ್ಲ. ಹುಡುಗಿ, ಭಾಳ ಹೆದರಿಕೆ ಆಗುತ್ತದೆ.

ಗೋಪುರದ ಚಿತ್ರ ಇಟ್ಟಿದ್ದೇನೆ. ಕಳೆಯಬೇಡ.

ಮಾದೇವಿ


ನವನಗರ
25 ಆಗಸ್ಟ್ 2024

ಅಕ್ಕೋರ,

ನಿಮ್ಮ ಪತ್ರ ಓದಿ ಊಟ ಸೇರಲಿಲ್ಲ. ಆ ಸಿಟ್ಟಿನಲ್ಲೇ ಕೂತು ಪ್ರೋಗ್ರಾಮು ಬರೆದೆ. ಇಗೋ ಹಾಳೆಗಳು. ಗೋಪುರದ ಮೇಲೆ ಒಂದರಿಂದ ಶುರುವಾಗಿ ಅಂಕಿಗಳಿವೆ, ಸೂಜಿ ಅಂಕಿ ಹಿಡಿದು ಹೋದರೆ ಸಾಕು. ಕವಲನ್ನು ನೆನಪಿಡುವ ತಲೆನೋವು ಕಂಪ್ಯೂಟರಿನದು.

ಬರೆಯುವಾಗ ನನಗೊಂದು ಅನುಮಾನ ಇತ್ತು. ನಡುವೆ ಇಷ್ಟೊಂದು ಕವಲಿಗೆ ಹೋಗಿ ಬಂದ ಮೇಲೂ, ಮೊದಲು ಬಿಟ್ಟ ಸಂದಿಗೇ ಸೂಜಿ ಸರಿಯಾಗಿ ಬಂದು ಬೀಳುತ್ತದೆಂದು ಏನು ಗ್ಯಾರಂಟಿ? ಎಲ್ಲೋ ಒಂದು ಕಡೆ ಮೇಲಿನ ಹೊಲಿಗೆಯ ಮೇಲೆ ಇನ್ನೊಂದು ಮೇಲಿನ ಹೊಲಿಗೆ ಬಿದ್ದು ಹಿಂಬದಿ ಬೋಳಾಗಿ ಉಳಿದರೆ? ಲೆಕ್ಕ ಹಾಕಿದೆ. ಕವಲಿಗೆ ಎಷ್ಟು ಹೊಲಿಗೆ ಹೋಗುತ್ತೇವೋ ಅಷ್ಟೇ ಹೊಲಿಗೆ ವಾಪಸು ಬರುತ್ತೇವೆ. ಎರಡೂ ಸೇರಿದರೆ ಯಾವಾಗಲೂ ಸಮ ಸಂಖ್ಯೆ. ಆದ್ದರಿಂದ ಕವಲಿನ ಬುಡ ಬಿಟ್ಟಾಗ ಸೂಜಿ ಬಟ್ಟೆಯ ಯಾವ ಬದಿಗೆ ಇತ್ತೋ, ಮರಳಿ ಬಂದಾಗಲೂ ಅದೇ ಬದಿಗೆ ಇರುತ್ತದೆ. ಕವಲಿನೊಳಗೆ ಕವಲು, ಅದರೊಳಗೆ ಮತ್ತೊಂದು ಇದ್ದರೂ ಅಷ್ಟೇ. ತಪ್ಪುವುದಕ್ಕೆ ಸಾಧ್ಯವೇ ಇಲ್ಲ! ಕೊನೆಯ ಕವಲಿಗೆ ಮೊದಲು ಮರಳುವ ಒಂದು ಶಿಸ್ತು ಕಾದುಕೊಂಡರೆ ಸಾಕು, ಎರಡು ಬದಿ ತಾವಾಗಿಯೇ ಒಂದಾಗುತ್ತವೆ.

ಪೆನ್ನು ಕೆಳಗಿಟ್ಟು ಕೂತುಬಿಟ್ಟೆ. ಇದನ್ನು ಮೊದಲು ಕಂಡುಹಿಡಿದವರು ಯಾರು, ಅಕ್ಕೋರ? ಯಾವ ಊರಿನ ಯಾವ ಹೆಂಗಸು, ಯಾವ ಕಟ್ಟೆಯ ಮೇಲೆ ಕೂತು? ಅವಳ ಹೆಸರೂ ನಮಗೆ ಗೊತ್ತಿಲ್ಲ. ಆದರೆ ಅವಳ ಕೈ ನಡೆದ ದಾರಿಯಲ್ಲೇ ಈ ಯಂತ್ರವೂ ನಡೆಯುತ್ತಿದೆ. ನನಗೆ ಈ ವಿಷಯ ಯಾರಿಗಾದರೂ ಹೇಳದೆ ಇರಲು ಆಗುತ್ತಿಲ್ಲ, ನೀವೇ ಸಿಕ್ಕಿದಿರಿ.

ಹೊಲಿದು ನೋಡಿ ಬರೆಯಿರಿ. ದಾರಿ ಕಾಯುತ್ತಿರುವೆ.

ಮುಬಶೀರಾ


ಇಳಕಲ್
15 ಸೆಪ್ಟೆಂಬರ್ 2024

ಮುಬಶೀರಾ,

ಇನ್ನು ಹಾಳೆ ಕಳಿಸಬೇಡ. ನೀನು ಬರೆದದ್ದು ಸರಿಯೇ ಇರುತ್ತದೆ. ಕೆಟ್ಟಿರುವುದು ನನ್ನ ತಲೆ. ಸೀರೆ ಟ್ರಂಕಿಗೆ ಹಾಕಿದ್ದೇನೆ. ಅಂಗಡಿ ಸೀರೆ ತರಲು ಹೇಳಿದ್ದೇನೆ.

ನಿನ್ನ ಕೆಲಸ ನೋಡಿಕೋ.

ಮಾದೇವಿ


ನವನಗರ
22 ಸೆಪ್ಟೆಂಬರ್ 2024

ಅಕ್ಕೋರ, ಅಕ್ಕೋರ, ಈ ಪತ್ರ ಹರಿದು ಒಲೆಗೆ ಹಾಕುವ ಮೊದಲು ಪೂರ್ತಿ ಓದಿ.

ನಿಮ್ಮ ತಲೆ ಸರಿ ಇದೆ. ಬೆಂಕಿ ಹಚ್ಚಬೇಕಾದ್ದು ನನ್ನ ತಲೆಗೆ!

ತವರಿಗೆ ಬಂದಿದ್ದ ಜಯಶ್ರೀ ಟ್ರಂಕು ತೆಗೆದು ಸೀರೆಯ ಎರಡೂ ಬದಿಯ ಫೋಟೋ ಕಳಿಸಿದಳು. ನಿಮಗೆ ಹೇಳದೆ ಮಾಡಿದ್ದಾಳೆ, ಬಯ್ಯಬೇಡಿ. ಮುಂದಿನ ಬದಿಯಲ್ಲಿ ಗೋಪುರ ಅಲ್ಲಲ್ಲಿ ಕಿತ್ತುಹೋದ ಹಾಗೆ ಇತ್ತು. ಹಿಂಬದಿಯಲ್ಲಿ ಕಳಸದ ತುದಿಯಿಂದ ಕೆಳಗಿನ ಬುಡದವರೆಗೆ ಉದ್ದುದ್ದ ಎಳೆಗಳು ಜೋತಾಡುತ್ತಿದ್ದವು. ಗವಂತಿಯಲ್ಲಿ ಅಂಥ ಎಳೆ ಒಂದೂ ಇರಬಾರದು. ಮೊದಲಿಗೆ ನಾನೂ ನಿಮ್ಮ ಕೈ ತಪ್ಪಿತೆಂದೇ ತಿಳಿದೆ, ತೋಬಾ ತೋಬಾ. ಆಮೇಲೆ ಆ ಎಳೆಗಳ ಜೊತೆಗೆ ಬೆರಳು ನಡೆಸಿ ನೋಡಿದೆ. ಎಳೆ ಪ್ರತಿ ಸಲವೂ ಕೊನೆಯ ಕವಲು ಬಿಟ್ಟು ಎಲ್ಲಕ್ಕಿಂತ ಮೊದಲಿನ ಕವಲಿಗೆ ಹಾರಿತ್ತು. ಒಂದು ಸಲವೂ ಬೇರೆ ಥರ ಇಲ್ಲ. ಕೈ ತಪ್ಪಿದರೆ ಹೀಗೆ ಒಂದೇ ರೀತಿ ತಪ್ಪುವುದಿಲ್ಲವಲ್ಲ!

ಪ್ರೋಗ್ರಾಮು ತೆಗೆದೆ. ಪಾಪ್ ಎಂದು ಬರೆದ ಕಡೆ ಕಂಸದೊಳಗೆ ಒಂದು ಸೊನ್ನೆ ಕೂತಿತ್ತು. ಸೊನ್ನೆ ಇದ್ದರೆ ರಾಶಿಯ ಮೇಲಿನದಲ್ಲ, ತಳದ್ದು ಹೊರಗೆ ಬರುತ್ತದೆ. ಅದನ್ನು ಬರೆಯುವ ಹಿಂದಿನ ವಾರ ಟಿಕೇಟಿನ ಪಾಳಿಯ ಪಾಠಕ್ಕೆ ಬರೆದಿದ್ದೆ, ಮೊದಲು ನಿಂತವರಿಗೆ ಮೊದಲು ಟಿಕೇಟು. ಅದನ್ನೇ ನಕಲು ಮಾಡಿ ಅಂಟಿಸಿಬಿಟ್ಟಿದ್ದೆ. ಒಂದೇ ಕವಲಿನ ಚಿತ್ರದ ಮೇಲೆ ಪರೀಕ್ಷೆ ಮಾಡಿ ಸರಿ ಇದೆ ಎಂದುಕೊಂಡೆ. ಒಂದೇ ರೊಟ್ಟಿ ಇದ್ದರೆ ಮೇಲಿನದೇನು, ತಳದ್ದೇನು!

ನೀವು ನನ್ನ ತಪ್ಪನ್ನು ಒಂದು ಹೊಲಿಗೆಯೂ ಬಿಡದೆ, ನಾನು ಹೇಳಿದ ಹಾಗೇ ಹೊಲಿದಿದ್ದೀರಿ. ನಿಮ್ಮ ಸೀರೆಯ ಹಿಂಬದಿ ನನ್ನ ಪ್ರೋಗ್ರಾಮಿನ ಹೊಟ್ಟೆಯನ್ನೇ ಬಿಚ್ಚಿ ತೋರಿಸಿತು. ಇಂಥದ್ದು ನಾನು ಜನ್ಮದಲ್ಲಿ ನೋಡಿರಲಿಲ್ಲ. ಲಕ್ವಾ ಹೊಡೆದ ಕೈ ಎಂದು ಯಾರಾದರೂ ಅಂದರೆ ಅವರ ಬಾಯಿಗೆ ಬೀಗ ಹಾಕುತ್ತೇನೆ.

ಅಂಕಿಯ ಹಾಳೆ ಇನ್ನು ಬೇಡ. ಅಂಕಿ ಓದುವುದೇ ನಿಮಗೆ ತ್ರಾಸು. ಬೇರೆ ಉಪಾಯ ಇದೆ. ಬಣ್ಣಬಣ್ಣದ ಗಾಜಿನ ಬಳೆ ತೆಗೆದುಕೊಳ್ಳಿ. ಅದೇ ಬಣ್ಣಗಳ ತಲೆಯ ಗುಂಡುಪಿನ್ನು ಸಿಗುತ್ತವೆ. ಕವಲು ಬಂದಾಗ ಅಲ್ಲೊಂದು ಕೆಂಪು ಪಿನ್ನು, ಎಡಗೈಗೆ ಒಂದು ಕೆಂಪು ಬಳೆ. ಮುಂದಿನ ಕವಲಿಗೆ ಹಳದಿ ಪಿನ್ನು, ಹಳದಿ ಬಳೆ. ದಾರಿ ಮುಗಿದು ತುದಿ ಬಂತೋ, ಕೈ ನೋಡಿಕೊಳ್ಳಿ. ಎಲ್ಲಕ್ಕಿಂತ ಹೊರಗಿನ ಬಳೆಯ ಬಣ್ಣ ಯಾವುದೋ ಆ ಪಿನ್ನಿಗೆ ಮರಳಬೇಕು. ಆ ಕವಲು ಪೂರ್ತಿಯಾದರೆ ಬಳೆ ತೆಗೆದಿಡಿ. ಒಳಗಿನ ಬಳೆ ಬೇಕೆಂದರೂ ಮೊದಲು ಬರುವುದಿಲ್ಲ, ಹೊರಗಿನದು ಬಿಡಬೇಕಲ್ಲ! ಕೈಯೇ ಸ್ಟ್ಯಾಕ್. ಬಳೆ ಮಾರುವ ನನ್ನ ಅಮ್ಮನ ಬುಟ್ಟಿಯಲ್ಲಿ ಅವು ಬೇಕಾದಷ್ಟಿವೆ.

ಆ ಎಳೆಗಳನ್ನು ಬಿಚ್ಚಿ, ಮತ್ತೊಮ್ಮೆ ಕೂತುಕೊಳ್ಳಿ. ಕಾಲು ಹಿಡಿಯುತ್ತೇನೆ.

ಮುಬಶೀರಾ


ನವನಗರ
26 ಸೆಪ್ಟೆಂಬರ್ 2024

ಅಕ್ಕೋರ,

ಹಿಂದಿನ ಪತ್ರ ಅಂಚೆಗೆ ಹಾಕಿ, ದೊಡ್ಡ ಶಾಣ್ಯಾಳ ಹಾಗೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಬಯ್ಯಲು ಶುರು ಮಾಡಿದಳು. "ಏನ್ ಹುಚ್ಚಿ ಐದಿ? ಅಕ್ಕೋರ ಕೈಗೆ ಗಾಜಿನ ಬಳಿ ಏರ್ಸಾಕ ಹೇಳೀದಿ? ಅವ್ರ ಯಜಮಾನ್ರು ತೀರಿಕೊಂಡ ದಿನ ಆ ಕೈ ಬಳಿ ಹೆಂಗ ಒಡದ್ರು ನಾ ನೋಡೇನಿ. ಅವತ್ತಿನಿಂದ ಆ ಓಣ್ಯಾಗ ಬುಟ್ಟಿ ಹೊತ್ತು ಹೋದ್ರ ಅವ್ರ ಬಾಗಿಲ ಮುಂದ ದನಿ ಮಾಡಂಗಿಲ್ಲ ನಾ."

ನನಗೆ ಲೆಕ್ಕ ಹೊಳೆಯಿತೇ ಹೊರತು ನೀವು ನೆನಪಾಗಲಿಲ್ಲ. ಬಳೆಯ ಬದಲು ರಬ್ಬರು, ದಾರ, ಏನಾದರೂ ಆದೀತು. ಸಿಟ್ಟು ಮಾಡಿಕೊಂಡು ಸುಮ್ಮನಿರಬೇಡಿ, ಬೇಕಾದರೆ ಬಯ್ದು ಬರೆಯಿರಿ.

ಮುಬಶೀರಾ


ಇಳಕಲ್
20 ಅಕ್ಟೋಬರ್ 2024

ಮುಬಶೀರಾ,

ಸಿಟ್ಟು ಬಂದಿತ್ತು. ನಿನ್ನ ಎರಡೂ ಪತ್ರ ಗೂಡಿನಲ್ಲಿ ಇಟ್ಟು, ಆ ಕಡೆ ನೋಡದೆ ಕೂತಿದ್ದೆ.

ಒಂದು ದಿನ ಮಧ್ಯಾಹ್ನ ನಿಮ್ಮಮ್ಮ ಹಜರತಬಿ ಬಂದಳು. ಬುಟ್ಟಿ ಇರಲಿಲ್ಲ, ಸೆರಗಿನೊಳಗೆ ಏನೋ ಇತ್ತು. "ಇಡ್ಸಾಕ ಬಂದಿಲ್ರಿ ಅಕ್ಕೋರ, ಬರೇ ತೋರ್ಸಾಕ ಬಂದೇನಿ. ನನ್ನ ಮಗಳು ಹುಚ್ಚಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ನೆಲದ ಮೇಲೆ ಹರವಿದಳು. ಬಣ್ಣಬಣ್ಣದ ಪಿನ್ನು, ಅವೇ ಬಣ್ಣಗಳ ಬಳೆ: ಕೆಂಪು, ಹಳದಿ, ನೀಲಿ, ಬಿಳಿ. ನನ್ನ ಅಳತೆಗಿಂತ ಒಂದು ನಂಬರು ದೊಡ್ಡವು, ಸಲೀಸಾಗಿ ಹೋಗಿ ಬರಲಿ ಎಂದು. ಬಯ್ದು ಬಂದವಳು ಅಳತೆಯನ್ನೂ ಆರಿಸಿ ತಂದಿದ್ದಾಳೆ ನೋಡು ನಿಮ್ಮಮ್ಮ!

ನಾನು ಕೈ ಚಾಚಿದೆ. ಅರ್ಧ ಇಳಕಲ್ಲಿಗೆ ಬಳೆ ಇಡಿಸಿದವಳು ಅಳತೆ ನೋಡಲು ಒಂದು ಏರಿಸಿ ತೆಗೆದಳು. ಗಾಜು ತಣ್ಣಗಿತ್ತು. ಆಮೇಲೆ ಅವಳು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

ಹಳೆಯ ಎಳೆ ಬಿಚ್ಚಿ ಗೋಪುರದ ಬುಡದಿಂದ ಹೊರಟೆ. ಕವಲು ಬಂತು, ಕೆಂಪು ಪಿನ್ನು, ಕೆಂಪು ಬಳೆ. ಆಮೇಲೆ ಹಳದಿ. ಆಮೇಲೆ ನೀಲಿ, ಬಿಳಿ. ಕಳಸ ಮುಟ್ಟುವ ಹೊತ್ತಿಗೆ ಕೈ ತುಂಬಿತ್ತು. ಅಲ್ಲಿ ದಾರಿ ಮುಗಿಯಿತು. ಯಾವಾಗಿನಂತೆ ಕಣ್ಣ ಮುಂದೆ ಎಲ್ಲ ಹಸಿರಾಯಿತು. ಕೈ ನೋಡಿದೆ. ಹೊರಗಿನ ಬಳೆ ಬಿಳಿ. ಬಟ್ಟೆಯ ಮೇಲೆ ಬಿಳಿ ಪಿನ್ನು ಹುಡುಕಿದೆ. ಇತ್ತು! ಅಲ್ಲಿಗೆ ಮರಳಿದೆ. ಬಳೆ ತೆಗೆದೆ. ಒಳಗಿನದು ನೀಲಿ. ಅದಕ್ಕೂ ಪಿನ್ನು ಇತ್ತು. ಒಂದೊಂದೇ ಬಳೆ ಇಳಿಯುತ್ತ ಬಂದ ಹಾಗೆ ಸಂದುಗಳು ತುಂಬುತ್ತ ಬಂದವು. ಕೊನೆಯ ಕೆಂಪು ಬಳೆ ತೆಗೆದಾಗ ಸೂಜಿ ಹೊರಟ ಜಾಗದಲ್ಲೇ ಇತ್ತು.

ಬಟ್ಟೆ ತಿರುವಿ ನೋಡಲು ಧೈರ್ಯ ಬರಲಿಲ್ಲ. ಹಜರತಬಿ ತಿರುವಿದಳು. "ಯವ್ವಾ" ಎಂದಳು, ಅಷ್ಟೇ. ಹುಡುಗಿ, ಎರಡೂ ಬದಿ ಒಂದೇ ಥರ ಇತ್ತು. ಸಣ್ಣವಳಿದ್ದಾಗಿನಿಂದ ಮಾಡಿದ ಕೆಲಸ, ಎಂದೂ ಹೀಗೆ ನಿಂತು ನೋಡಿರಲಿಲ್ಲ. ಇಷ್ಟು ದೊಡ್ಡದನ್ನು ತಲೆಯೊಳಗೆ ಹೊತ್ತುಕೊಂಡು ತಿರುಗಿದ್ದೆನೇ ಎಂದು ಆಶ್ಚರ್ಯವಾಗುತ್ತದೆ. ಹೊತ್ತಾಗ ಭಾರ ಗೊತ್ತಾಗಿರಲಿಲ್ಲ.

ಸಣ್ಣ ಗೋಪುರ ಒಂದು ಮುಗಿದಿದೆ. ಸೆರಗಿನ ತುಂಬ ಇನ್ನೂ ಇವೆ. ಪಕ್ಕದ ಮನೆಯ ಶಾರವ್ವ ನೋಡಿ, "ಏನ್ರಿ ಅಕ್ಕೋರ, ಕೈತುಂಬ ಬಳಿ!" ಎಂದಳು. ಕಸೂತಿಗೆ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು "ದಾರಿ, ದಾರಿ". ತಲೆ ಪೂರ್ತಿ ಕೆಟ್ಟಿತೆಂದು ಹೋದಳು. ಹೋಗಲಿ.

ಈ ಪತ್ರ ಉದ್ದವಾಯಿತು. ಪದಗಳು ಬರುತ್ತಿವೆ.

ಮಾದೇವಿ


ನವನಗರ
3 ನವೆಂಬರ್ 2024

ಅಕ್ಕೋರ,

ನಿಮ್ಮ ಪತ್ರವನ್ನು ಲ್ಯಾಬಿನಲ್ಲಿ ಹುಡುಗಿಯರಿಗೆ ಓದಿ ಹೇಳಿದೆ. ಸದಾ ಕಿಸಿಕಿಸಿ ನಗುವವರು ಉಸಿರು ಬಿಡದೆ ಕೇಳಿದರು. ಮುಗಿದ ಮೇಲೆ ಬಳೆ ಇದ್ದವರೆಲ್ಲ ತೆಗೆದು ಹಾಕಿ ನೋಡುತ್ತ ಕೂತರು. ಸ್ಟ್ಯಾಕ್ ಪಾಠ ಇನ್ನು ಅವರು ಸಾಯುವತನಕ ಮರೆಯಲಿಕ್ಕಿಲ್ಲ.

ಒಂದು ಮಾತು ಹೇಳುತ್ತೇನೆ, ಚಿಕ್ಕ ಬಾಯಲ್ಲಿ ದೊಡ್ಡ ಮಾತು ಎನ್ನಬೇಡಿ. ಸೀರೆ ಮಣೆಯ ಮೇಲೆ, ನೀವು ಬಾಗಿಲ ಹಿಂದೆ. ಇದು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಬಳೆ ಒಮ್ಮೆ ಕೈಗೆ ಏರಿತಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಮುಂದೆ ಬಂದು ನಿಲ್ಲಿ ಅಕ್ಕೋರ. ನಿಲ್ಲುತ್ತೀರಾ?

ಮುಬಶೀರಾ


ಇಳಕಲ್
8 ಡಿಸೆಂಬರ್ 2024

ಮುಬಶೀರಾ,

ನಿನ್ನ ಪ್ರಶ್ನೆಗೆ ಬೇಕೆಂದೇ ಉತ್ತರ ಬರೆಯಲಿಲ್ಲ. ನಿಲ್ಲುವುದಿಲ್ಲ ಎಂದೇ ಮನಸ್ಸಿನಲ್ಲಿತ್ತು. ಈಗ ಕುಬಸ ಮುಗಿದಿದೆ, ಕೇಳು.

ಸೀರೆ ಹೊರಡುವ ಹಿಂದಿನ ದಿನ ಪೂರ್ತಿಯಾಯಿತು. ಕೊನೆಯ ಗೋಪುರ ಮುಗಿಸಿ ಕೊನೆಯ ಬಳೆ ತೆಗೆದಿಟ್ಟೆ. ಬರಿಗೈಯಲ್ಲೇ ಗುಡೂರಿಗೆ ಹೋದೆ. ಹಜರತಬಿಯೂ ಬಂದಳು, ಜಯಶ್ರೀಗೆ ಬಳೆ ಇಡಿಸುವ ಬುಟ್ಟಿ ಅವಳದೇ.

ಜಯಶ್ರೀ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಹೆಂಗಸರು ಸೆರಗನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಬೀಗತಿ ಲಲಿತಾ ಅದನ್ನು ತಿರುವಿ, ಮತ್ತೆ ತಿರುವಿ, "ಇದರಾಗ ಮ್ಯಾಲಿನ ಬದಿ ಯಾವುದವಾ?" ಎಂದು ಕೇಳಿದಳು. "ಎರಡೂ ಮ್ಯಾಲಿಂದ ಅತ್ತಿ" ಎಂದಳು ಜಯಶ್ರೀ. ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ಇಷ್ಟಾದರೆ ಸಾಕಲ್ಲ ಎಂದುಕೊಂಡೆ.

ಹಜರತಬಿ ಬುಟ್ಟಿ ಬಿಚ್ಚಿ, "ಮೊದಲನೇ ಬಳಿ ಯಾರು ಇಡಸ್ತೀರಿ?" ಎಂದಳು. ಲಲಿತಾ ಕೈ ಮುಂದೆ ಮಾಡಿದಳು. ಜಯಶ್ರೀ ಮುಷ್ಟಿ ಕಟ್ಟಿಬಿಟ್ಟಳು. ಬಳೆ ಹೇಗೆ ಏರುತ್ತದೆ? "ಕೈ ಸಡ್ಲ ಬಿಡವಾ" ಎಂದರು. ಬಿಡಲಿಲ್ಲ. "ಈ ಸೀರಿ ಮಾಡಿದ ಕೈ ಮೊದ್ಲ ಬರ್ಲಿ. ಅವ್ವ ಬರೂತನಾ ನಾ ಮುಷ್ಟಿ ಬಿಡೂದಿಲ್ಲ." ಯಾರೋ ಮುದುಕಿ "ಶಾಸ್ತ್ರ ಅಂತ ಒಂದ್ ಇರ್ತೈತಿ" ಎಂದಳು. ನನಗೆ ಓಡಿ ಹೋಗಬೇಕೆನಿಸಿತು, ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಲಲಿತಾ ಎದ್ದಳು. ಬಾಗಿಲ ಹಿಂದೆ ಬಂದು ನನ್ನ ಮುಂದೆ ನಿಂತಳು. ಏನು ಅನ್ನುತ್ತಾಳೋ ಎಂದು ಜೀವ ಹೋದ ಹಾಗಾಯಿತು. "ನಿಮ್ಮ ಮಗಳು ಭಾಳ ಹಟಮಾರಿ ಅದಾಳ್ರಿ" ಎಂದಳು. "ಬರ್ರಿ, ಕೂಸಿನ ತಾಯಿ ಎಷ್ಟೊತ್ತು ಹಂಗ ಕೂಡ್ಬೇಕು." ನನ್ನ ಮೊಣಕೈ ಹಿಡಿದು ನಡೆಸಿಕೊಂಡು ಹೋದಳು.

ಜಯಶ್ರೀ ಮುಷ್ಟಿ ಬಿಟ್ಟಳು. ಹಜರತಬಿ ನನ್ನ ಕೈಗೆ ಒಂದು ಹಸಿರು ಬಳೆ ಕೊಟ್ಟಳು. ಮಗಳ ಬೆರಳುಗಳನ್ನು ಒತ್ತಿ ಹಿಡಿದು ಏರಿಸಿದೆ. ಆಶೀರ್ವಾದ ಮಾಡಬೇಕು, ಮಾತು ಬರಲಿಲ್ಲ. ಈ ಸಲ ಲಕ್ವಾದಿಂದ ಅಲ್ಲ. ನನ್ನ ಹಿಂದೆ ಲಲಿತಾ ಇಡಿಸಿದಳು, ಆಮೇಲೆ ಉಳಿದವರು, ಆ ಮುದುಕಿಯೂ ಇಡಿಸಿದಳು. ಜಯಶ್ರೀಯ ಕೈ ಮೊಣಕೈವರೆಗೆ ತುಂಬಿತು.

ರಾತ್ರಿ ಊಟಕ್ಕೆ ಕೂತಾಗ ಅವಳ ಕೈ ನೋಡುತ್ತ ಇದ್ದೆ. ಅಷ್ಟು ಬಳೆಗಳಲ್ಲಿ ನನ್ನದು ಎಲ್ಲಕ್ಕಿಂತ ಒಳಗಿದೆ. ನಿನ್ನ ಲೆಕ್ಕ ಖರೆ ಇದ್ದರೆ ಮುಬಶೀರಾ, ಉಳಿದವರ ಬಳೆ ಎಲ್ಲ ಇಳಿದ ಮೇಲೆಯೇ ನನ್ನದು ಇಳಿಯಬೇಕು.

ನಿನ್ನ ಅಕ್ಕೋರು,
ಮಾದೇವಿ